ಎಂತ ಹೆಸರು ಅವಳದ್ದು?

ಅಮ್ಮ ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ 31 ವರ್ಷ ಹಾಜರಿ ಕೂಗಿದವಳು. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಯಾವ ಊರಿಗೆ ಹೋದರೂ ಅವಳು ಮೊದಲು ಕೇಳುವುದು ಹೆಸರು. ಈ ಹೊಳೆ ಹೆಸರೆಂತ, ಈ ಮರದ ಹೆಸರೆಂತ, ಇದನ್ನು ಕಟ್ಟಿಸಿದವರು ಯಾರು. ಹೋದ ವರ್ಷ ಜೂನ್‌ನಲ್ಲಿ ಅವಳನ್ನು ಜಪಾನಿನ ಮಾತ್ಸುಯೆಗೆ ಕರೆದುಕೊಂಡು ಹೋಗಿದ್ದೆ. ಎರಡು ದಿನ ಅವಳ ಪ್ರಶ್ನೆಗಳ ಹಿಂದೆಯೇ ಊರು ಸುತ್ತಿದೆ. ಹಿಂದೊಮ್ಮೆ ಒಬ್ಬನೇ ಬಂದಾಗ ಕಣ್ಣಿಗೆ ಬೀಳದಿದ್ದ ಎಷ್ಟೋ ಸಂಗತಿ ಈ ಸಲ ಕಂಡವು.

ಮಾತ್ಸುಯೆ ಇರುವುದು ಶಿಮಾನೆ ಪ್ರಾಂತ್ಯದಲ್ಲಿ, ಜಪಾನ್ ಸಮುದ್ರದ ಕಡೆಗೆ. ನಾನಿರುವ ಒಸಾಕಾದಿಂದ ಒಕಾಯಾಮಾ ತನಕ ಬುಲೆಟ್ ರೈಲು. ಅಲ್ಲಿಂದ ಬೆಟ್ಟ ಹತ್ತಿ ಇಳಿಯುವ ಇನ್ನೊಂದು ರೈಲಿನಲ್ಲಿ ಎರಡೂವರೆ ಗಂಟೆ. ಕಿಟಕಿಯಾಚೆ ಗದ್ದೆ, ಹೊಳೆ, ಮಳೆಗಾಲದ ಮಂಜು ಮುಸುಕಿದ ಗುಡ್ಡ. "ಆಗುಂಬೆ ಘಾಟಿಯಲ್ಲಿ ರೈಲು ಇದ್ದಿದ್ರೆ ಹೀಗೇ ಇರ್ತಿತ್ತು ಕಣೋ" ಅಂದಳು ಅಮ್ಮ. ಆ ರೈಲಿನ ಹೆಸರು ಯಾಕುಮೊ. ಎಂಟು ಮೋಡ, ಅಂದರೆ ಪದರ ಪದರವಾಗಿ ಏಳುವ ಮೋಡ ಅಂತ ಅರ್ಥ. ಈ ಸೀಮೆಯನ್ನು ಹಾಡುವ ಬಹಳ ಹಳೆಯ ಪದ್ಯವೊಂದರಲ್ಲಿ ಬರುವ ಮಾತು. ಈ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

ಇಂಥ ಊರುಗಳಿಗೆ ಜಪಾನಿಯಲ್ಲಿ ಜೋಕಾಮಾಚಿ ಅನ್ನುತ್ತಾರೆ, ಕೋಟೆಯ ಬುಡದ ಪೇಟೆ. ಮೊದಲು ಕೋಟೆ, ಅದರ ಸುತ್ತ ಊರು. 1600ರ ಸೆಕಿಗಾಹಾರಾ ಯುದ್ಧದಲ್ಲಿ ಗೆದ್ದ ಪಕ್ಷದಲ್ಲಿದ್ದ ಹೋರಿಯೋ ಮನೆತನಕ್ಕೆ ಈ ಸೀಮೆ ಸಿಕ್ಕಿತು. ಆಗ ಇದ್ದ ಹಳೆಯ ಕೋಟೆ ದೂರದ ಬೆಟ್ಟದ ಮೇಲಿತ್ತು. ಯುದ್ಧಕ್ಕೆ ಒಳ್ಳೆಯ ಜಾಗ, ಪೇಟೆ ಬೆಳೆಸಲು ಅಲ್ಲ. ಹಾಗಾಗಿ ಹೋರಿಯೋ ಯೋಶಿಹಾರು ಶಿಂಜಿ ಸರೋವರದ ಹತ್ತಿರದ ಗುಡ್ಡವೊಂದನ್ನು ಆರಿಸಿ 1607ರಲ್ಲಿ ಕೆಲಸ ಶುರು ಮಾಡಿಸಿದ. ಜೌಗು ನೆಲಕ್ಕೆ ಮಣ್ಣು ತುಂಬಿಸಿದ, ಕಂದಕ ತೋಡಿಸಿದ, ಬೀದಿ ಬಿಡಿಸಿದ. 1611ರಲ್ಲಿ ಕೋಟೆ ಮುಗಿಯಿತು. ಅದೇ ವರ್ಷ ಅವನೂ ತೀರಿಕೊಂಡ.

ಆ ಕಂದಕಗಳಲ್ಲಿ ಇವತ್ತಿಗೂ ನೀರಿದೆ. ಬೇರೆ ಎಷ್ಟೋ ಊರಲ್ಲಿ ಕಂದಕ ಮುಚ್ಚಿ ರಸ್ತೆ ಮಾಡಿದ್ದಾರೆ. ಇಲ್ಲಿ ದೋಣಿ ಓಡಿಸುತ್ತಾರೆ. ಮೊದಲ ದಿನ ಬೆಳಿಗ್ಗೆ ನಾವು ಹತ್ತಿದ್ದು ಅದನ್ನೇ. ಸುಮಾರು 50 ನಿಮಿಷದ ಸುತ್ತು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರಬೇಕು. ಕೆಲವು ಸೇತುವೆ ಎಷ್ಟು ತಗ್ಗು ಅಂದರೆ ಅಂಬಿಗ ಗುಂಡಿ ಒತ್ತಿ ದೋಣಿಯ ಮಾಡನ್ನೇ ಕೆಳಗಿಳಿಸುತ್ತಾನೆ. ಒಳಗಿದ್ದವರೆಲ್ಲ ಸೊಂಟ ಬಗ್ಗಿಸಿ ಮುಂದಿನವರ ಬೆನ್ನಿಗೆ ಹಣೆ ತಾಗಿಸುವಷ್ಟು ಬಾಗಬೇಕು. ಅಮ್ಮ ಹಾಗೆ ಬಾಗಿದ್ದಾಗ ಪಕ್ಕದ ಜಪಾನಿ ಅಜ್ಜಿಯ ಮುಖ ಅವಳ ಮುಖದ ಎದುರೇ ಬಂತು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಸೇತುವೆ ದಾಟುವ ತನಕ ಇಬ್ಬರೂ ನಗುತ್ತಲೇ ಇದ್ದರು.

ಕೋಟೆ ನೋಡಿದ ಕೂಡಲೇ ಅಮ್ಮ ಅಂದದ್ದು, "ಇದು ಕಪ್ಪು!" ಹಿಮೆಜಿ ಕೋಟೆ ನೋಡಿ ಬಂದಿದ್ದಳಲ್ಲ, ಬಿಳಿ ಇರುತ್ತದೆ ಅಂದುಕೊಂಡಿದ್ದಳು. ಇಲ್ಲಿ ಗೋಡೆಯ ಹೊರಮೈಗೆ ಕಪ್ಪು ಹಲಗೆ ಹೊಡೆದಿದ್ದಾರೆ. ಕೆಳಗೆ ಒರಟು ಕಲ್ಲಿನ ಪೀಠ. ಅದರ ಮೇಲೆ ಮರದ ಗೋಪುರ, ಪೀಠವೂ ಸೇರಿ ಸುಮಾರು 30 ಮೀಟರ್ ಎತ್ತರ. ರೆಕ್ಕೆ ಬಿಚ್ಚಿದ ಹಾಗೆ ಕಾಣುವ ಮಾಡಿನಿಂದಾಗಿ ಇದಕ್ಕೆ ಚಿದೋರಿ ಕೋಟೆ ಅನ್ನುವ ಹೆಸರೂ ಇದೆ. ಚಿದೋರಿ ಅಂದರೆ ನೀರಿನ ದಡದಲ್ಲಿ ಓಡಾಡುವ ಒಂದು ಸಣ್ಣ ಹಕ್ಕಿ. ಜಪಾನಿನಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದ ಕೋಟೆಗಳು ಬಹಳ. ಹಳೆಯ ಕಾಲದ ಗೋಪುರ ಹಾಗೇ ಉಳಿದಿರುವುದು 12 ಕಡೆ ಮಾತ್ರ. ಅದರಲ್ಲಿ ಮಾತ್ಸುಯೆ ಒಂದು.

ಒಳಗೆ ಹೋಗುವಾಗ ಮತ್ತೆ ಚಪ್ಪಲಿ ಬಿಡಬೇಕು. ಮೊದಲು ಸಿಗುವುದು ನೆಲಮಾಳಿಗೆ. ಅಲ್ಲಿ ಒಂದು ಬಾವಿ ಇದೆ. ಮುತ್ತಿಗೆ ಬಿದ್ದರೆ ನೀರಿಗೆ ಹೊರಗೆ ಹೋಗಬಾರದು ಅಂತ ಗೋಪುರದೊಳಗೇ ತೋಡಿದ ಬಾವಿ. ನಾನು ಅಮ್ಮನಿಗೆ ತೋರಿಸಬೇಕು ಅಂದುಕೊಂಡಿದ್ದು ಅದರ ಹತ್ತಿರದ ಕಂಬಗಳನ್ನು. ಅವುಗಳಲ್ಲಿ ಮೊಳೆ ಹೊಡೆದ ಸಣ್ಣ ತೂತುಗಳಿವೆ. ಅವುಗಳ ಕಥೆ ನನಗೆ ಬಹಳ ಇಷ್ಟ.

ಈ ಕೋಟೆಗೆ 1935ರಲ್ಲಿ ರಾಷ್ಟ್ರೀಯ ನಿಧಿ ಅನ್ನುವ ಪಟ್ಟ ಸಿಕ್ಕಿತ್ತು. 1950ರಲ್ಲಿ ಕಾನೂನು ಬದಲಾದಾಗ ಅದು ಹೋಯಿತು, ಒಂದು ಮೆಟ್ಟಿಲು ಕೆಳಗಿನ ಪಟ್ಟ ಉಳಿಯಿತು. ಊರವರು ದಶಕಗಳ ಕಾಲ ಮತ್ತೆ ಮತ್ತೆ ಕೇಳಿದರು. ಗೋಪುರ ಯಾವ ವರ್ಷದ್ದು ಅನ್ನುವುದಕ್ಕೆ ಗಟ್ಟಿ ಪುರಾವೆ ಬೇಕಿತ್ತು. ಕಟ್ಟಡ ಮುಗಿದಾಗ ಪೂಜೆ ಮಾಡಿ ಕಂಬಕ್ಕೆ ಹೊಡೆದಿದ್ದ ಮರದ ಹಲಗೆಗಳನ್ನು 1937ರಲ್ಲಿ ಒಬ್ಬ ವಿದ್ವಾಂಸ ನೋಡಿ ಬರೆದಿಟ್ಟಿದ್ದ. ಆಮೇಲೆ ಆ ಹಲಗೆಗಳೇ ಕಾಣೆಯಾಗಿದ್ದವು. ಕೊನೆಗೆ 2012ರಲ್ಲಿ ಎರಡು ಹಲಗೆ ಸಿಕ್ಕವು. ಸಿಕ್ಕಿದ್ದು ಎಲ್ಲಿ ಅಂದರೆ ಕೋಟೆಯ ಆವರಣದಲ್ಲೇ ಇರುವ ಮಾತ್ಸುಯೆ ದೇಗುಲದಲ್ಲಿ. ಅದರ ಮೇಲೆ 1611ರ ತಾರೀಖಿತ್ತು. ಈ ಗೋಪುರದ್ದೇ ಅಂತ ಹೇಳುವುದು ಹೇಗೆ? ಹಲಗೆಯ ಮೊಳೆ ತೂತುಗಳನ್ನು ನೆಲಮಾಳಿಗೆಯ ಕಂಬಗಳ ತೂತಿಗೆ ಹೊಂದಿಸಿ ನೋಡಿದರು. ಸರಿಯಾಗಿ ಕೂತವು! 2015ರಲ್ಲಿ ಪಟ್ಟ ವಾಪಸ್ ಬಂತು.

ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಕಂಬದ ಹತ್ತಿರ ಮುಖ ಒಯ್ದಳು. ಮರ ಹೊಗೆ ಹಿಡಿದ ಅಟ್ಟದ ತೊಲೆಯ ಹಾಗೆ ಕಪ್ಪಗಿತ್ತು. ಉದ್ದಕ್ಕೆ ಸೀಳು ಬಿಟ್ಟಿತ್ತು. ಒಂದು ದಪ್ಪ ಕಂಬಕ್ಕೆ ಸುತ್ತ ಹಲಗೆ ಸೇರಿಸಿ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಇಂಥ ಕಂಬ ಇಲ್ಲಿ ಹಲವಿವೆ. "ನಮ್ಮ ಕವಲೇದುರ್ಗದಲ್ಲಿ ಅರಮನೆಯ ಅಡಿಪಾಯದ ಕಲ್ಲಷ್ಟೇ ಉಳಿದಿದೆ" ಅಂದಳು. "ಮರ ಎಲ್ಲ ಹೋಯ್ತು. ಇಲ್ಲಿ ನೋಡು, ಮರ ನಿಂತಿದೆ."

ಮೇಲೆ ಹೋಗುವ ಮೆಟ್ಟಿಲು ಬಹಳ ಕಡಿದು, ಹೆಚ್ಚುಕಡಿಮೆ ಏಣಿಯೇ. ಕಿರಿ (ಪೌಲೋನಿಯಾ) ಅನ್ನುವ ಹಗುರವಾದ ಮರದಲ್ಲಿ ಮಾಡಿದ್ದು. ಶತ್ರು ಒಳಗೆ ನುಗ್ಗಿದರೆ ಮೇಲಕ್ಕೆ ಎಳೆದುಕೊಳ್ಳಬಹುದು, ಬೆಂಕಿಯೂ ಬೇಗ ಹಿಡಿಯುವುದಿಲ್ಲ. ಅಮ್ಮನ ಮಂಡಿಗೆ ಇದು ಆಗುವುದಿಲ್ಲ ಅಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಕಟಕಟೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಐದನೇ ಅಂತಸ್ತಿಗೆ ಬಂದೇ ಬಿಟ್ಟಳು. ಮೇಲೆ ನಾಲ್ಕೂ ದಿಕ್ಕಿಗೆ ತೆರೆದ ಕಿಟಕಿ. ದಕ್ಷಿಣಕ್ಕೆ ಸರೋವರ ಬೆಳ್ಳಗೆ ಹೊಳೆಯುತ್ತಿತ್ತು. ತಂಪು ಗಾಳಿ. ಅರ್ಧ ಗಂಟೆ ಸುಮ್ನೆ ಕೂತೆವು.

ಕೆಳಗಿಳಿದು ಕಲ್ಲುಗೋಡೆಯ ಎದುರಿನ ಬೆಂಚಿನಲ್ಲಿ ಕೂತಾಗ ನಾನು ಆ ಕಥೆ ಹೇಳಿದೆ. ಹೇಳಬಾರದಿತ್ತೋ ಏನೋ. ಕೋಟೆ ಕಟ್ಟುವಾಗ ಗೋಡೆ ನಿಲ್ಲುತ್ತಲೇ ಇರಲಿಲ್ಲವಂತೆ. ಎಷ್ಟು ಸಲ ಕಟ್ಟಿದರೂ ಕುಸಿಯುತ್ತಿತ್ತಂತೆ. ಬಲಿ ಕೊಡಬೇಕು ಅಂತಾಯಿತು. ಹಿರಿಯರ ಆತ್ಮಗಳು ಮನೆಗೆ ಬರುವ ಬೋನ್ ಹಬ್ಬದಲ್ಲಿ ಊರವರೆಲ್ಲ ಸುತ್ತು ನಿಂತು ಕುಣಿಯುತ್ತಾರೆ. ಆ ಕುಣಿತದಲ್ಲಿ ಎಲ್ಲರಿಗಿಂತ ಚೆಂದ ಕುಣಿದ ಹುಡುಗಿಯನ್ನು ಹಿಡಿದು ಗೋಡೆಯ ಬುಡದಲ್ಲಿ ಹೂಳಿದರಂತೆ. ಗೋಡೆ ನಿಂತಿತು. ಆದರೆ ಆಮೇಲೆ ಈ ಊರಿನಲ್ಲಿ ಯಾವ ಹುಡುಗಿ ಕುಣಿದರೂ ಕೋಟೆ ಬುಡದಿಂದ ನಡುಗುತ್ತಿತ್ತಂತೆ. ಅದಕ್ಕೇ ಬೀದಿಯಲ್ಲಿ ಕುಣಿಯಬಾರದು ಅಂತ ಕಟ್ಟಳೆ ಮಾಡಿದರಂತೆ.

ಇದು ಜನರ ಬಾಯಿಂದ ಬಂದ ಕಥೆ, ದಾಖಲೆಯಲ್ಲ. ಆದರೂ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಅವಳ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತಿತ್ತು. ನೀರು ಬಾರದ ಕೆರೆಗೆ ಹಾರವಾದ ಕಿರಿ ಸೊಸೆ ಭಾಗೀರಥಿಯ ಪಾಠವನ್ನು ಅವಳು ಎಷ್ಟು ವರ್ಷ ಮಾಡಿದ್ದಳೋ. ಪ್ರತಿ ವರ್ಷವೂ ಆ ಪಾಠದ ದಿನ ಮನೆಗೆ ಬಂದಾಗ ಸ್ವಲ್ಪ ಸಪ್ಪಗಿರುತ್ತಿದ್ದಳು.

"ಎಂತ ಹೆಸರು ಅವಳದ್ದು?" ಕೇಳಿದಳು.

"ಹೆಸರಿಲ್ಲ ಅಮ್ಮ. ಹುಡುಗಿ ಅಂತ ಅಷ್ಟೇ ಹೇಳ್ತಾರೆ."

"ಭಾಗೀರಥಿಗೆ ಹೆಸರಾದ್ರೂ ಇದೆ" ಅಂದಳು ಅಮ್ಮ. "ತೌರುಮನೆಗೆ ಹೋಗಿ ಬಂದದ್ದು, ಗೆಳತಿ ಹತ್ರ ಹೇಳಿಕೊಂಡದ್ದು, ಎಲ್ಲ ಇದೆ. ಇವಳಿಗೆ ಒಂದು ಹೆಸರೂ ಇಡಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಡೆಯ ಕಲ್ಲುಗಳ ಮೇಲೆ ಅಲ್ಲಲ್ಲಿ ಕೆತ್ತಿದ ಗುರುತುಗಳಿವೆ. ತಕ್ಕಡಿಯ ತೂಕದ ಬಟ್ಟಿನ ಆಕಾರದ್ದು ಹೋರಿಯೋ ಮನೆತನದ ಗುರುತು. ಹೀಗೆ ಕಲ್ಲಿನ ಮೇಲೂ ಗುರುತು ಬಿಟ್ಟ ಮನೆತನ ಹೆಚ್ಚು ದಿನ ಉಳಿಯಲಿಲ್ಲ. ಯೋಶಿಹಾರುವಿನ ಮೊಮ್ಮಗ 1633ರಲ್ಲಿ ಗಂಡು ಮಕ್ಕಳಿಲ್ಲದೆ ತೀರಿಕೊಂಡ. ಆಮೇಲೆ ಬಂದ ಕ್ಯೋಗೊಕು ದೊರೆಯೂ 1637ರಲ್ಲಿ ಹಾಗೇ ತೀರಿಕೊಂಡ. 1638ರಲ್ಲಿ ಬಂದ ಮಾತ್ಸುದೈರಾ ಮನೆತನ ಮಾತ್ರ ಹತ್ತು ತಲೆಮಾರು ನಿಂತಿತು. ಇದನ್ನು ಕೇಳಿದ ಅಮ್ಮ "ಹೂಂ" ಅಂದಳು, ಅಷ್ಟೇ. ಆ ಹೂಂ ಬಹಳ ಉದ್ದವಿತ್ತು.

ಆಮೇಲೆ ಅವಳ ಮನಸ್ಸು ಹಗುರವಾಗಲಿ ಅಂತ ಇನ್ನೊಂದು ಸಂಗತಿ ಹೇಳಿದೆ. ಸಮುರಾಯ್ ಆಳ್ವಿಕೆ ಮುಗಿದು ಬಂದ ಮೇಜಿ ಕಾಲದಲ್ಲಿ ಹೊಸ ಸರಕಾರಕ್ಕೆ ಹಳೆಯ ಕೋಟೆಗಳು ಬೇಡವಾದವು. 1875ರಲ್ಲಿ ಇಲ್ಲಿನ ಕಟ್ಟಡಗಳನ್ನು ಮರದ ಬೆಲೆಗೆ ಹರಾಜು ಹಾಕಿದರು. ಕಾವಲು ಗೋಪುರ, ಉಗ್ರಾಣ ಎಲ್ಲ ಹೋದವು. ಈ ಮುಖ್ಯ ಗೋಪುರಕ್ಕೆ ಬಂದ ಬೆಲೆ 180 ಯೆನ್. ಕೊಂಡವನು ಕಿತ್ತು ಒಯ್ಯಬೇಕು. ಆಗ ಹಿಂದೆ ಸಮುರಾಯ್ ಆಗಿದ್ದ ತಾಕಾಗಿ ಗೊನ್‌ಪಾಚಿ ಅನ್ನುವವನೂ, ಕತ್ಸುಬೆ ಮೊತೊಎಮೊನ್ ಅನ್ನುವ ಹಳ್ಳಿಯ ದೊಡ್ಡ ರೈತನೂ ಸೇರಿ ಅಷ್ಟೇ ಹಣ ಕಟ್ಟಿ ಗೋಪುರವನ್ನು ಬಿಡಿಸಿಕೊಂಡರು. ಅವರ ಕಾಲಕ್ಕೆ ಕೋಟೆಯಿಂದ ಯಾರಿಗೂ ಮೂರು ಕಾಸಿನ ಪ್ರಯೋಜನ ಇರಲಿಲ್ಲ. ಪ್ರವಾಸಿಗಳು ಬರುತ್ತಾರೆ ಅನ್ನುವ ಲೆಕ್ಕವೂ ಇರಲಿಲ್ಲ. ಕಣ್ಣೆದುರು ನಿಂತದ್ದು ಬೀಳಬಾರದು ಅನ್ನಿಸಿತು, ಕೈಯಿಂದ ಕೊಟ್ಟರು. ಕಟ್ಟಿಸಿದ ದೊರೆಗಿಂತ ಆ ರೈತನ ಮೇಲೆ ನನಗೆ ಗೌರವ ಜಾಸ್ತಿ. ಅಮ್ಮ ಎರಡೂ ಹೆಸರನ್ನು ತನ್ನ ಸಣ್ಣ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ಕೆಳಗೆ ಒಂದು ಗೀಟು ಎಳೆದು, ಒಂದು ಸಾಲು ಖಾಲಿ ಬಿಟ್ಟಳು. ಯಾಕೆ ಅಂತ ನಾನು ಕೇಳಲಿಲ್ಲ.

ಎರಡನೇ ದಿನ ಕೋಟೆಯ ಉತ್ತರದ ಕಂದಕದ ಪಕ್ಕದ ಶಿಯೋಮಿ ನವಾತೆ ಬೀದಿಗೆ ಹೋದೆವು. ನೀರಿನ ಮೇಲೆ ಬಾಗಿದ ಹಳೆಯ ಪೈನ್ ಮರಗಳು, ಎದುರು ಸಮುರಾಯ್‌ಗಳ ಮನೆಸಾಲು. ಬೆಂಕಿ ಬಿದ್ದ ಮೇಲೆ 1733ರಲ್ಲಿ ಮತ್ತೆ ಕಟ್ಟಿದ ಒಂದು ಮನೆ ನೋಡಲು ತೆರೆದಿದೆ. ಬಂದವರನ್ನು ಕೂರಿಸುವ ಕೋಣೆಗೆ ಒಳ್ಳೆಯ ಮರ, ಮನೆಯವರು ಇರುವ ಕಡೆ ಸಾಧಾರಣ ಮರ. "ನಮ್ಮಲ್ಲೂ ಹಾಗೇ. ಒಳ್ಳೆ ಲೋಟ ಎಲ್ಲ ನೆಂಟರಿಗೆ" ಅಂದಳು ಅಮ್ಮ.

ಅಲ್ಲೇ ಪಕ್ಕದಲ್ಲಿ ಬರಹಗಾರ ಲಾಫ್ಕಾಡಿಯೋ ಹರ್ನ್ ಇದ್ದ ಮನೆ. 1850ರಲ್ಲಿ ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಒಂದು ಕಣ್ಣು ಕಳೆದುಕೊಂಡು, ಅಮೆರಿಕದಲ್ಲಿ ಪತ್ರಕರ್ತನಾಗಿದ್ದು, 1890ರಲ್ಲಿ ಇಲ್ಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದವನು. ಊರಿನಲ್ಲಿ ಇದ್ದದ್ದು 15 ತಿಂಗಳಷ್ಟೇ, ಈ ಮನೆಯಲ್ಲಿ ಸುಮಾರು ಐದು ತಿಂಗಳು. ಆದರೆ ಹುಡುಗಿಯ ಕುಣಿತದ ಕಥೆ ಹೊರಲೋಕಕ್ಕೆ ಗೊತ್ತಾದದ್ದು ಅವನು ಬರೆದದ್ದರಿಂದ. ಮುಂದೆ ಅವನು ಜಪಾನಿನ ಪ್ರಜೆಯಾಗಿ ಹೊಸ ಹೆಸರು ಇಟ್ಟುಕೊಂಡ, ಕೊಯಿಜುಮಿ ಯಾಕುಮೊ. ನಾವು ಬಂದ ರೈಲಿನಲ್ಲಿದ್ದದ್ದೂ ಅದೇ ಮೋಡದ ಹೆಸರು. ಕೊಯಿಜುಮಿ ಅವನ ಹೆಂಡತಿಯ ಮನೆತನದ್ದು.

ಮನೆ ಸಣ್ಣದು. ಕೋಣೆಯ ನಡುವೆ ಕೂತರೆ ಮೂರು ಕಡೆ ತೋಟ ಕಾಣುತ್ತದೆ. ಒಂದು ಮೂಲೆಯಲ್ಲಿ ಪುಟ್ಟ ಕೊಳ, ಪಾಚಿ ಹಿಡಿದ ಕಲ್ಲು. ಸಣ್ಣ ಮಳೆ ಹನಿಯುತ್ತಿತ್ತು. ಕಪ್ಪೆಯೊಂದು ಎರಡು ಸಲ ಕೂಗಿ ಸುಮ್ಮನಾಯಿತು. ಮನೆಯ ಮಾಲೀಕರು ತಲೆಮಾರುಗಳ ಕಾಲ ಈ ತೋಟವನ್ನು ಹರ್ನ್ ನೋಡಿದ ಹಾಗೇ ಕಾಪಾಡಿಕೊಂಡು ಬಂದರು.

ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಅವನ ಮೇಜಿದೆ. ಉಳಿದ ಒಂದು ಕಣ್ಣೂ ಮಂದವಾಗಿದ್ದರಿಂದ ಹಾಳೆ ಕಣ್ಣಿಗೆ ಹತ್ತಿರ ಬರಲಿ ಅಂತ ಎದೆಮಟ್ಟಕ್ಕೆ ಮಾಡಿಸಿದ ಮೇಜು. ಅಮ್ಮ ಮೇಜಿನ ಎದುರು ಹೆಚ್ಚು ನಿಲ್ಲಲಿಲ್ಲ. ಅವಳು ನಿಂತದ್ದು ಹೆಂಡತಿ ಸೆತ್ಸುವಿನ ಫೋಟೋ ಮುಂದೆ. ಸೆತ್ಸು ಸಮುರಾಯ್ ಮನೆಯ ಮಗಳು. ಕಾಲ ಬದಲಾಗಿ ಮನೆತನ ಬಡತನಕ್ಕೆ ಬಿದ್ದಾಗ ನೇಯ್ಗೆ ಮಾಡಿ ದುಡಿದವಳು. ಹರ್ನ್‌ನ ಮನೆಗೆಲಸಕ್ಕೆ ಅಂತ ಬಂದವಳು ಅವನನ್ನು ಮದುವೆಯಾದಳು. ಅವನಿಗೆ ಜಪಾನಿ ಓದಲು ಸರಿಯಾಗಿ ಬರುತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ಇಲ್ಲ. ಇಬ್ಬರೂ ತಮ್ಮದೇ ಒಂದು ಮುರುಕು ಜಪಾನಿ ಮಾಡಿಕೊಂಡರು. ರಾತ್ರಿ ದೀಪ ಸಣ್ಣ ಮಾಡಿ ಅವಳು ಹಳೆಯ ದೆವ್ವದ ಕಥೆಗಳನ್ನು ಹೇಳುತ್ತಿದ್ದಳು. ಪುಸ್ತಕ ನೋಡಿ ಹೇಳಬೇಡ, ನಿನ್ನದೇ ಮಾತಿನಲ್ಲಿ ಹೇಳು ಅನ್ನುತ್ತಿದ್ದನಂತೆ ಅವನು. ಲೋಕ ಓದಿದ ಆ ಕಥೆಗಳಲ್ಲಿ ಎಷ್ಟೋ ಮೊದಲು ಅವಳ ಬಾಯಲ್ಲಿದ್ದವು.

ಅಮ್ಮನ ಪುಸ್ತಕದಲ್ಲಿ ಸೆತ್ಸು ಅಂತ ಇನ್ನೊಂದು ಸಾಲು ಸೇರಿತು.

ಮಧ್ಯಾಹ್ನ ಮೇಮೇ ಆನ್ ಅನ್ನುವ ಚಹಾ ಮನೆಗೆ ಕಲ್ಲುಮೆಟ್ಟಿಲು ಹತ್ತಿ ಹೋದೆವು. ಹುಲ್ಲಿನ ಮಾಡು, ಪುಟ್ಟ ಗುಡಿಸಲು. ಏಳನೇ ಮಾತ್ಸುದೈರಾ ದೊರೆ ಫುಮಾಯಿ 1779ರಲ್ಲಿ ಕಟ್ಟಿಸಿದ್ದು. ಸಾಲದಲ್ಲಿ ಮುಳುಗಿದ್ದ ರಾಜ್ಯವನ್ನು ದಡ ಹತ್ತಿಸಿದವನು, ಚಹಾಕ್ಕೆ ಮನಸೋತವನು ಅವನು. ಅವನಿಂದಾಗಿಯೇ ಕ್ಯೋಟೋ, ಕನಾಜಾವಾ ಜೊತೆಗೆ ಮಾತ್ಸುಯೆಯೂ ಸಿಹಿತಿಂಡಿಗೆ ಹೆಸರಾಯಿತು. ಚಹಾದ ಜೊತೆ ಕೊಟ್ಟದ್ದು ವಾಕಾಕುಸಾ, ಎಳೆ ಹುಲ್ಲು ಅಂತ ಅರ್ಥ. ಬೆರಳಿನಷ್ಟು ಉದ್ದದ ಹಸಿರು ತುಂಡು. ಹೊರಗೆ ಹಸಿರು ಸಕ್ಕರೆ ಪುಡಿ ಕಚ್ಚಿದಾಗ ಸಣ್ಣಗೆ ಕರುಂ ಅನ್ನುತ್ತದೆ. ಒಳಗೆ ಅಂಟಕ್ಕಿಯ ಮೆತ್ತನೆಯ ಬಿಳಿ ಹೂರಣ. ಅಮ್ಮ ಕಣ್ಣು ಮುಚ್ಚಿ ತಿಂದು, "ಹಾಲುಬಾಯಿ ಕಣೋ ಇದು, ಏಲಕ್ಕಿ ಒಂದಿಲ್ಲ" ಅಂದಳು. ಹಸಿರು ಚಹಾ ಮಾತ್ರ ಕಷಾಯದ ಹಾಗಿದೆ ಅಂತ ಎರಡೇ ಗುಟುಕಿಗೆ ಬಿಟ್ಟಳು.

ಗೆಸ್ಶೋಜಿ ದೇವಾಲಯಕ್ಕೂ ಹೋಗಿ ಬಂದೆವು. ದೊರೆಗಳ ಸಮಾಧಿಗಳು, ಸುತ್ತ ನೀಲಿ ಹೈಡ್ರೇಂಜಿಯಾ, ಬೆನ್ನ ಮೇಲೆ ಶಾಸನ ಹೊತ್ತ ದೊಡ್ಡ ಕಲ್ಲಿನ ಆಮೆ. ಮಳೆ ಜೋರಾದ್ದರಿಂದ ಬೇಗ ಹೊರಟೆವು.

ಸಂಜೆ ಹೊತ್ತಿಗೆ ಮೋಡ ಒಡೆಯಿತು. ಊರನ್ನು ಎರಡಾಗಿ ಸೀಳುವ ಓಹಾಶಿ ಹೊಳೆಯ ಸೇತುವೆಗೆ ನಡೆದುಕೊಂಡು ಬಂದೆವು. ದಕ್ಷಿಣ ದಡದಲ್ಲಿ ಒಂದು ಸಣ್ಣ ಪಾರ್ಕಿದೆ, ಗೆನ್‌ಸುಕೆಯ ಹೆಸರಿನದು. ಹೋರಿಯೋ ಕಾಲದಲ್ಲಿ ಮೊದಲ ಸೇತುವೆ ಕಟ್ಟುವಾಗ ನಡುವಿನ ಕಂಬ ನಿಲ್ಲಲಿಲ್ಲವಂತೆ. ಮೊದಲು ದಾಟಿದವನ ಉಡುಪಿನಲ್ಲಿ ಒಂದು ಬಗೆಯ ಗಟ್ಟಿಪಟ್ಟಿ ಇಲ್ಲದಿದ್ದರೆ ಅವನನ್ನೇ ಹೂಳುವುದು ಅಂತ ಮಾತಾಯಿತಂತೆ. ಗೆನ್‌ಸುಕೆ ಸಿಕ್ಕಿಬಿದ್ದ. ಆ ಕಂಬಕ್ಕೆ 300 ವರ್ಷ ಅವನ ಹೆಸರೇ ಇತ್ತು. ಅವನ ಸ್ಮಾರಕದ ಪಕ್ಕದಲ್ಲಿ ಇನ್ನೊಂದು ಕಲ್ಲಿದೆ. ಅದು ಕಥೆಯಲ್ಲ. ಈಗಿನ ಸೇತುವೆ ಕಟ್ಟುವಾಗ, 1930ರ ದಶಕದಲ್ಲಿ, ಅಪಘಾತದಲ್ಲಿ ಸತ್ತ ಎಂಜಿನಿಯರ್ ಒಬ್ಬರದ್ದು.

"ಇವರಿಗೆಲ್ಲ ಕಲ್ಲು ನೆಟ್ಟಿದ್ದಾರೆ" ಅಂದಳು ಅಮ್ಮ. ಮುಂದೆ ಹೇಳಲಿಲ್ಲ.

ಸರೋವರದ ದಡಕ್ಕೆ ಬಂದಾಗ ಏಳು ಗಂಟೆ. ದೂರದ ಗುಡ್ಡಗಳ ಮೇಲೆ ಸೂರ್ಯ ಇನ್ನೂ ಇದ್ದ. ದಡದಲ್ಲಿ ಜನ ಆಗಲೇ ಬಂದು ಕೂತಿದ್ದರು. ಶಾಲೆ ಮಕ್ಕಳು, ಆಫೀಸ್ ಬಿಟ್ಟು ಬಂದವರು, ನಾಯಿ ಹಿಡಿದುಕೊಂಡವರು. ಮುಳುಗುವ ಸೂರ್ಯನನ್ನು ನೋಡಲು ಒಂದು ಊರು ಹೀಗೆ ಸೇರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ದಡದ ಮೇಲೇ ಇರುವ ಶಿಮಾನೆ ಕಲಾ ಸಂಗ್ರಹಾಲಯಕ್ಕೆ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಮುಚ್ಚುವ ಹೊತ್ತು ಗಡಿಯಾರ ನೋಡಿ ಅಲ್ಲ, ಸೂರ್ಯ ಮುಳುಗಿ ಅರ್ಧ ಗಂಟೆಗೆ.

ನೀರಿನ ನಡುವೆ ಕೆಲವು ಪೈನ್ ಮರಗಳಿರುವ ಪುಟ್ಟ ದ್ವೀಪ. ಬಿಸಿಲಿಗೆ ಎದುರಾಗಿ ಕಪ್ಪಗೆ ಕಾಣುತ್ತಿತ್ತು. ಅಮ್ಮ ಕೇಳಿಯೇ ಕೇಳುತ್ತಾಳೆ ಅಂತ ಗೊತ್ತಿತ್ತು.

"ಯೊಮೆಗಾಶಿಮಾ" ಅಂದೆ. "ಸೊಸೆ ದ್ವೀಪ ಅಂತ."

ಅವಳು ನನ್ನ ಕಡೆ ತಿರುಗಿದಳು. ಹೇಳದೆ ಬೇರೆ ದಾರಿ ಇರಲಿಲ್ಲ. ಅತ್ತೆಯ ಕಾಟ ತಾಳದೆ ತೌರಿಗೆ ಹೊರಟ ಸೊಸೆಯೊಬ್ಬಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದಳಂತೆ. ಮಂಜು ಒಡೆದು ಮುಳುಗಿದಳಂತೆ. ನೀರಿನ ದೇವತೆಗೆ ಕನಿಕರವಾಗಿ ಅವಳ ದೇಹದ ಜೊತೆ ಈ ದ್ವೀಪವನ್ನೂ ಮೇಲೆತ್ತಿದಳಂತೆ.

ಈ ಸಲ ಅಮ್ಮ ಹೆಸರು ಕೇಳಲಿಲ್ಲ. ಚೀಲದಿಂದ ಪುಸ್ತಕ ತೆಗೆದಳು. ಹಿಂದಿನ ದಿನ ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಏನೋ ಬರೆದಳು, ಅದರ ಕೆಳಗೆ ಇನ್ನೊಂದು. ಪುಟ ನನ್ನ ಕಡೆ ತಿರುಗಿಸಿದಳು. ಗುಂಡಗಿನ, ಮೇಷ್ಟ್ರ ಅಕ್ಷರ. ಮೊದಲ ಸಾಲಿನಲ್ಲಿ "ಕುಣಿದವಳು." ಎರಡನೆಯದರಲ್ಲಿ "ನಡೆದವಳು."

ಸೂರ್ಯ ಗುಡ್ಡದ ಹಿಂದೆ ಜಾರಿದ. ನೀರು ಕೆಂಪಿನಿಂದ ನೇರಳೆಗೆ ತಿರುಗಿತು. ದಡದಲ್ಲಿ ಕೂತವರು ಯಾರೂ ಏಳಲಿಲ್ಲ. ಅಮ್ಮ ಪುಸ್ತಕ ಮಡಿಲಲ್ಲಿಟ್ಟುಕೊಂಡು ಬಹಳ ಮೆಲ್ಲಗೆ, ತುಟಿ ಅಲುಗುವಷ್ಟೇ, ಭಾಗೀರಥಿಯ ಹಾಡು ಹೇಳಿಕೊಳ್ಳುತ್ತಿದ್ದಳು. ಹಿಂದಿನ ಕಟ್ಟಡದಲ್ಲಿ ದೀಪ ಹಾಕಿದರು. ಬಾಗಿಲು ಮುಚ್ಚಲು ಇನ್ನೂ ಅರ್ಧ ಗಂಟೆ ಇತ್ತು.